ಬರದೇ ಇದ್ದ ಸುದ್ದಿಯನ್ನೂ ಎಣಿಸಿದೆ: ಹಾಡು ಹಂಚಿಕೆ ಕೇಸುಗಳ ವರದಿ ಅಳೆದ ನನ್ನ ಅನುಭವ

ಇಂಟರ್ನೆಟ್‌ನಲ್ಲಿ ಅನುಮತಿ ಇಲ್ಲದೆ ಹಾಡು ಹಂಚಿದವರ ಮೇಲೆ ಅಮೆರಿಕದಲ್ಲಿ ಹೂಡಿದ ಕೇಸುಗಳ ವರದಿಯಲ್ಲಿ ಪಕ್ಷಪಾತ ಇತ್ತು ಅಂತ ನಮ್ಮ ವಲಯದಲ್ಲಿ ಎಲ್ಲರೂ ಹೇಳುತ್ತಾರೆ. ಯಾರ ಪರ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕಂಪನಿಗಳ ಪರ ಅಂತ ಕೆಲವರು, ಸಿಕ್ಕಿಬಿದ್ದವರ ಪರ ಅಂತ ಕೆಲವರು. ಇದನ್ನು ಕೋರ್ಟಿನ ಡಾಕೆಟ್, ಅಂದರೆ ಕೇಸಿನ ಅರ್ಜಿ-ಆದೇಶಗಳ ದಿನವಾರು ಪಟ್ಟಿಯ ಪಕ್ಕದಲ್ಲಿಟ್ಟು ಅಳೆಯುತ್ತೇನೆ ಅಂತ ಹೊರಟಾಗ ಯಾರೂ ಒಪ್ಪಲಿಲ್ಲ. "ಏನ್ರೀ, ಬಂದಿರೋ ಸುದ್ದಿ ಎಣಿಸೋದೇ ಕಷ್ಟ. ಬರದೇ ಇರೋ ಸುದ್ದಿನ ಹೇಗೆ ಎಣಿಸ್ತೀರಿ?" ಅಂತ ಸೆಮಿನಾರಿನಲ್ಲಿ ಹಿರಿಯರೊಬ್ಬರು ಕೇಳಿದರು. ಈಗ ಎಣಿಸಿದ್ದೇನೆ. ಸುದ್ದಿ ಓದಿ ಹಾಳೆ ತುಂಬುವ ಇಬ್ಬರು ಕೋಡರ್‌ಗಳ ಉತ್ತರ ಎಷ್ಟು ಹೊಂದುತ್ತದೆ ಅಂತ ಹೇಳುವ ಅಳತೆ ಆಲ್ಫಾ, 1 ಬಂದರೆ ಪೂರ್ತಿ ಒಮ್ಮತ. ನನ್ನದು 0.85ರ ಮೇಲೆ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. ಅಲ್ಲಿನ ರೆಕಾರ್ಡಿಂಗ್ ಕಂಪನಿಗಳ ಸಂಘ ಆರ್‌ಐಎಎ. ಅದರ ಕಂಪನಿಗಳು 2003ರ ಸೆಪ್ಟೆಂಬರ್ 8ರಂದು 261 ಜನರ ಮೇಲೆ ದಾವೆ ಹೂಡಿದವು. 2008ರ ಡಿಸೆಂಬರ್‌ನಲ್ಲಿ ಇನ್ನು ಸಾಮೂಹಿಕ ದಾವೆ ಸಾಕು ಅಂದಾಗ ಲೆಕ್ಕ 35,000ದ ಆಸುಪಾಸು ತಲುಪಿತ್ತು. ನಾನು 2003ರಿಂದ 2013ರವರೆಗಿನ ಅಮೆರಿಕದ ಪತ್ರಿಕೆಗಳನ್ನು ತೆಗೆದುಕೊಂಡೆ. ಎಲ್ಲ ಸೇರಿ ಒಂದೂವರೆ ಸಾವಿರದ ಹತ್ತಿರ ಸುದ್ದಿ ಸಿಕ್ಕವು. ಕೋಡರ್‌ಗಳಿಗೆ ನಿಯಮಗಳ ಕೋಡ್‌ಬುಕ್ ಬರೆಯುವುದು, ಸ್ಯಾಂಪಲ್ ತೆಗೆಯುವುದು ಇವನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ.

ಮೊದಲು ಕೈಕೊಟ್ಟದ್ದು ಸಾಫ್ಟ್‌ವೇರ್. ಬರಹದ ಧಾಟಿ ಅಳೆಯುವ ಪ್ರೋಗ್ರಾಂಗೆ ಎಲ್ಲವನ್ನೂ ತುಂಬಿದೆ. ಕೋರ್ಟಿನ ಸುದ್ದಿ ಅಂದಮೇಲೆ ಉಲ್ಲಂಘನೆ, ಅಕ್ರಮ, ಹಾನಿ ಅನ್ನುವ ಮಾತು ಬಂದೇ ಬರುತ್ತವೆ. ಪ್ರೋಗ್ರಾಂ ಲೆಕ್ಕದಲ್ಲಿ ಇವೆಲ್ಲ ಕೆಟ್ಟ ಮಾತು. ಹಾಗಾಗಿ ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ತೀರ್ಪನ್ನು ನೆಟ್ಟಗೆ ಬರೆದ ವರದಿಗೆ ಎಲ್ಲಕ್ಕಿಂತ ಜಾಸ್ತಿ ದ್ವೇಷದ ಅಂಕ ಬಂತು. ಓದುಗರ ಕಣ್ಣಲ್ಲಿ ನೀರು ತರಿಸಲೆಂದೇ ಬರೆದ ಫೀಚರ್‌ಗಳು ನಡುಮಧ್ಯೆ ಕೂತವು. ಸರ್ವರ್ ಬಾಡಿಗೆ ಏಳೆಂಟು ಸಾವಿರ ರೂಪಾಯಿ ನೀರಿಗೆ ಹೋಯಿತು.

ಆಮೇಲೆ ಮನುಷ್ಯರನ್ನೇ ಕೂರಿಸಿದೆ. ಎಂ.ಎ. ಮುಗಿಸಿದ ಇಬ್ಬರು ಹುಡುಗಿಯರು, ಸುದ್ದಿಯೊಂದಕ್ಕೆ ಹನ್ನೆರಡು ರೂಪಾಯಿ. ಕಂಪನಿ ಪರ, ಆರೋಪಿ ಪರ ಅಂತ ಐದು ಮೆಟ್ಟಿಲಿನ ಅಳತೆ. ಆಲ್ಫಾ 0.4 ದಾಟಲಿಲ್ಲ. ಯಾಕೆ ಅಂತ ಒಂದೇ ಸುದ್ದಿ ಹಿಡಿದು ಇಬ್ಬರನ್ನೂ ಕೂರಿಸಿ ಕೇಳಿದೆ. ನ್ಯೂಯಾರ್ಕಿನ 12 ವರ್ಷದ ಹುಡುಗಿಯ ಸುದ್ದಿ ಅದು. ಮೊದಲ 261ರಲ್ಲಿ ಅವಳೂ ಒಬ್ಬಳು. ತಾಯಿ 2,000 ಡಾಲರ್‌ಗೆ ರಾಜಿ ಮಾಡಿಕೊಂಡರು. ಒಬ್ಬಳು ಇದು ಆರೋಪಿ ಪರ ಅಂದಳು. ಸರ್ಕಾರಿ ವಸತಿಯಲ್ಲಿರುವ ಮಗು, ಎದುರಿಗೆ ದೊಡ್ಡ ಕಂಪನಿಗಳು, ಓದಿದವರಿಗೆ ಸಿಟ್ಟು ಬರುವುದು ಯಾರ ಮೇಲೆ ಅಂತ ಕೇಳಿದಳು. ಇನ್ನೊಬ್ಬಳು ಕಂಪನಿ ಪರ ಅಂದಳು. ಮಗುವಿನ ಕ್ಷಮಾಪಣೆ ಇದ್ದದ್ದು ಆರ್‌ಐಎಎ ಹೇಳಿಕೆಯಲ್ಲಿ, ಪತ್ರಿಕೆ ಅದನ್ನು ಹಾಗೇ ಎತ್ತಿ ಹಾಕಿದೆ ಅಂತ ಅವಳ ವಾದ. ಇಬ್ಬರೂ ಸರಿಯೇ. ಧಾಟಿಗೆ ಅಂಕ ಕೊಡುವ ಕೆಲಸ ಅಲ್ಲಿಗೆ ಬಿಟ್ಟೆ.

ಮೂರನೇ ತಲೆನೋವು ಏಜೆನ್ಸಿ ಕಾಪಿ, ಅಂದರೆ ಸುದ್ದಿ ಸಂಸ್ಥೆ ಎಲ್ಲ ಪತ್ರಿಕೆಗಳಿಗೂ ಕಳಿಸುವ ಸುದ್ದಿ. ಒಂದೇ ಏಜೆನ್ಸಿ ಸುದ್ದಿ ಹತ್ತಾರು ಪತ್ರಿಕೆಯಲ್ಲಿ, ಹತ್ತಾರು ಹೆಡ್‌ಲೈನಿನಲ್ಲಿ. ನಕಲು ಅಂತ ತೆಗೆದುಹಾಕುವುದು ರೂಢಿ. ತೆಗೆಯುವ ಮೊದಲು ಸುಮ್ನೆ ಒಂದಷ್ಟನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಡೆಸ್ಕಿನಲ್ಲಿ ಕೂತವರಿಗೆ ಗೊತ್ತು, ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಕೆಳಗಿನಿಂದ. ಈ ಸುದ್ದಿಗಳಲ್ಲಿ ಆರ್‌ಐಎಎ ಮಾತು ಮೇಲಿನ ಪ್ಯಾರಾಗಳಲ್ಲಿ, ಆರೋಪಿಯ ವಕೀಲರ ಮಾತು ಕೆಳಗೆ. ಆರುನೂರು ಪದದ ಮೂಲದಲ್ಲಿ ಎರಡೂ ಕಡೆಯವರು ಇರುತ್ತಾರೆ. ಇನ್ನೂರು ಪದಕ್ಕೆ ಇಳಿಸಿದ ಕಾಪಿಯಲ್ಲಿ ಒಂದೇ ಕಡೆ ಉಳಿಯುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಓದುಗರ ಕೈಗೆ ಸಿಕ್ಕಿದ್ದು ಒಂದೇ ಕಡೆಯ ಮಾತು. ಎಲ್ಲರೂ ಕಸಕ್ಕೆ ಹಾಕುವ ನಕಲುಗಳಲ್ಲಿ ಇಷ್ಟು ಸಿಕ್ಕಿತಲ್ಲ, ಈ ಭಾಗದ ಬಗ್ಗೆ ನನಗೆ ಹೆಮ್ಮೆ ಇದೆ. ಹೆಡ್‌ಲೈನ್ ಬದಲಾದ, ಬರೆದವರ ಹೆಸರು ಹೋದ ಕಾಪಿಗಳನ್ನು ಮೂಲಕ್ಕೆ ಹೇಗೆ ಜೋಡಿಸಿದೆ ಅನ್ನುವುದನ್ನು ಮಾತ್ರ ಈಗ ಹೇಳುವುದಿಲ್ಲ. ನನ್ನ ಸಂಶೋಧನಾ ಪೇಪರ್ ಅಚ್ಚಾಗಲಿ.

ಇನ್ನು ಡಾಕೆಟ್ ದಾರಿ. ಸುದ್ದಿಯಿಂದ ಶುರು ಮಾಡದೆ ಕೋರ್ಟಿನಿಂದ ಶುರು ಮಾಡುವುದು. ಕೇಸಿನ ಒಂದೊಂದು ಘಟನೆಗೆ ಒಂದು ಸಾಲು, ಒಂದೊಂದು ಪತ್ರಿಕೆಗೆ ಒಂದು ಕಾಲಂ. ಬಂತಾ, ಎಷ್ಟನೇ ಪುಟ, ಎಷ್ಟು ಪದ, ಮೊತ್ತ ಸರಿ ಇದೆಯಾ, ಮೊದಲ ಮಾತು ಯಾರದು. ಎಲ್ಲ ಹೌದು-ಅಲ್ಲ ಅಥವಾ ಒಂದು ಅಂಕಿ. ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಹಾಳೆಯಲ್ಲಿ ಖಾಲಿ ಉಳಿದ ಮನೆ, ಅಂದರೆ ಸುದ್ದಿ ಬರದ ಚೌಕ ಕೂಡ ಡೇಟಾ.

ಜೇಮಿ ಥಾಮಸ್ ಅನ್ನುವ ಮಹಿಳೆಯ ಮೇಲಿನ ಕೇಸಿನ ಸಾಲುಗಳನ್ನೇ ನೋಡಿ. 2007ರ ಅಕ್ಟೋಬರ್, ಮಿನೆಸೋಟಾದ ಡುಲುತ್‌ನಲ್ಲಿ ಜ್ಯೂರಿ ತೀರ್ಪು: 24 ಹಾಡಿಗೆ 2,22,000 ಡಾಲರ್, ಹಾಡಿಗೆ 9,250. 2008ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ಮೈಕೆಲ್ ಡೇವಿಸ್ ಹೊಸ ವಿಚಾರಣೆಗೆ ಆದೇಶ ಕೊಟ್ಟರು. ಹಾಡು ಬೇರೆಯವರಿಗೆ ಸಿಗುವಂತೆ ಇಟ್ಟರೆ ಸಾಕು, ಅದೇ ಹಂಚಿಕೆ ಅಂತ ಜ್ಯೂರಿಗೆ ತಾವೇ ಕೊಟ್ಟಿದ್ದ ಸೂಚನೆ ತಪ್ಪು ಅಂದರು. 2009ರ ಜೂನ್‌ನಲ್ಲಿ ಎರಡನೇ ಜ್ಯೂರಿ: 19.2 ಲಕ್ಷ ಡಾಲರ್. 2010ರ ಜನವರಿಯಲ್ಲಿ ನ್ಯಾಯಾಧೀಶರು ಅದನ್ನು 54,000ಕ್ಕೆ ಇಳಿಸಿದರು. ಕಂಪನಿಗಳು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಮೂರನೇ ಜ್ಯೂರಿ: 15 ಲಕ್ಷ. 2011ರ ಜುಲೈನಲ್ಲಿ ಮತ್ತೆ 54,000. 2012ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಹಳೆಯ 2,22,000ಕ್ಕೇ ತಂದು ನಿಲ್ಲಿಸಿತು. 2013ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಈ ಸಾಲುಗಳ ಎದುರು ಮನೆ ತುಂಬುತ್ತಾ ಹೋದಾಗ ಚಿತ್ರ ತಾನಾಗಿಯೇ ಮೂಡಿತು. ಮೊತ್ತ ಏರಿದಾಗ ಮನೆಗಳು ತುಂಬಿವೆ, ಪುಟದ ಸಂಖ್ಯೆ ಚಿಕ್ಕದು. ಇಳಿದಾಗ ಒಳಪುಟದ ಮೂಲೆ, ಇಲ್ಲವೇ ಖಾಲಿ. 2008ರ ಹೊಸ ವಿಚಾರಣೆಯ ಆದೇಶ ಇಡೀ ಕೇಸಿನ ಕಾನೂನು ಪ್ರಶ್ನೆಯನ್ನೇ ಎತ್ತಿತ್ತು. ನನ್ನ ಹಾಳೆಯಲ್ಲಿ ಅದರ ಸಾಲು ಬಣಬಣ. ಟೆನೆನ್‌ಬಾಮ್ ಅನ್ನುವ ವಿದ್ಯಾರ್ಥಿಯ ಮೇಲಿನ ಬಾಸ್ಟನ್ ಕೇಸಿನಲ್ಲೂ ಇದೇ. 2009ರ ಜುಲೈನಲ್ಲಿ 30 ಹಾಡಿಗೆ 6,75,000 ಡಾಲರ್ ಅಂದಾಗ ಎಲ್ಲ ಕಡೆ ಸುದ್ದಿ. ಮರುವರ್ಷ ನ್ಯಾಯಾಧೀಶೆ ನ್ಯಾನ್ಸಿ ಗರ್ಟ್ನರ್ ಅದನ್ನು 67,500ಕ್ಕೆ ಇಳಿಸಿದಾಗ ಅರ್ಧದಷ್ಟೂ ಇಲ್ಲ. 2011ರಲ್ಲಿ ಮೇಲ್ಮನವಿ ಕೋರ್ಟ್ ಪೂರ್ತಿ ಮೊತ್ತ ಮರಳಿಸಿದಾಗ ಮತ್ತೆ ಏರಿಕೆ. ಅಂದರೆ ವಾಲಿದ್ದು ದೊಡ್ಡ ಅಂಕಿಯ ಕಡೆಗೆ. ಆ ಅಂಕಿಯಿಂದ ಲಾಭ ಯಾರಿಗೆ ಅಂತ ಯೋಚಿಸಿ. ಮನೆಗೆ ನೋಟಿಸ್ ಬಂದವರು ಪತ್ರಿಕೆಯಲ್ಲಿ 2,22,000 ಡಾಲರ್ ಅಂತ ಓದಿರುತ್ತಾರೆ. ಕಂಪನಿಯವರು ಮೂರೋ ನಾಲ್ಕೋ ಸಾವಿರಕ್ಕೆ ಮುಗಿಸೋಣ ಅಂದರೆ ತಕ್ಷಣ ಒಪ್ಪುತ್ತಾರೆ. ಹಾಗೆ ರಾಜಿಯಾದ ಸಾವಿರಾರು ಕುಟುಂಬಗಳಿಗೆ ಸುದ್ದಿಯಲ್ಲಿ ಸಾಲೂ ಇಲ್ಲ, ಕಾಲಮ್ಮೂ ಇಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಇಲ್ಲಿ.

ತಪ್ಪು ವಿವರಗಳಿಗೂ ಕಾಲಂ ಇಟ್ಟಿದ್ದೆ. ಒಂದು, ಡೌನ್‌ಲೋಡ್ ಮಾಡಿದ್ದಕ್ಕೆ ಕೇಸು ಅಂತ ಬರೆದದ್ದು. ಕಂಪನಿಗಳು ಬೆನ್ನು ಹತ್ತಿದ್ದು ಹಾಡಿನ ಫೋಲ್ಡರ್ ತೆರೆದಿಟ್ಟು ಬೇರೆಯವರಿಗೆ ಹಂಚುತ್ತಿದ್ದವರನ್ನು. ಎರಡು, ದಂಡ ಅಂತ ಬರೆದದ್ದು. ಇವು ಸಿವಿಲ್ ದಾವೆ, ದುಡ್ಡು ಹೋಗುವುದು ಕಂಪನಿಗೆ, ಸರ್ಕಾರಕ್ಕಲ್ಲ. ಮೂರು, ಹಾಡಿಗೆ 1,50,000 ಡಾಲರ್‌ವರೆಗೆ ಅಂತ ಮೇಲಿನ ಮಿತಿ ಮಾತ್ರ ಕೊಟ್ಟು, 750ರ ಕೆಳಗಿನ ಮಿತಿ ಬಿಟ್ಟದ್ದು. ಮೇಲಿನ ಮಿತಿ ಕೂಡ ಗೊತ್ತಿದ್ದೂ ಮಾಡಿದವರಿಗೆ ಮಾತ್ರ, ಉಳಿದವರಿಗೆ 30,000. ಬಹುಪಾಲು ವರದಿಗಳಲ್ಲಿ ಈ ಮೂರರಲ್ಲಿ ಒಂದಾದರೂ ಇತ್ತು.

ಆರೋಪಿ ಕಡೆಗೂ ವಾಲಿಕೆ ಇತ್ತು, ಅದನ್ನು ಮುಚ್ಚಿಡಬಾರದು. ಥಾಮಸ್ ಬಗ್ಗೆ ಒಂಟಿ ತಾಯಿ, 24 ಹಾಡು ಅಂತ ಬರೆದವರು, ಹಾಡು ಹಂಚುವ ಪ್ರೋಗ್ರಾಂ ಆದ ಕಜಾದ ಆ ಫೋಲ್ಡರಿನಲ್ಲಿ 1,700ಕ್ಕೂ ಹೆಚ್ಚು ಹಾಡು ಇದ್ದದ್ದನ್ನು ಬಿಟ್ಟರು. ಅವರ ಕಂಪ್ಯೂಟರಿನ ಹಾರ್ಡ್ ಡ್ರೈವ್ ಬದಲಾದ ವಿಷಯ ಜ್ಯೂರಿ ಮುಂದೆ ದೊಡ್ಡದಾಗಿ ಬಂದಿತ್ತು. ಫೀಚರ್‌ಗಳಲ್ಲಿ ಅದು ಕಾಣುವುದೇ ಇಲ್ಲ. ಇತ್ತ ಕಂಪನಿ ಕಡೆಯ ಎಡವಟ್ಟು ಕೂಡ ಒಂದು ದಿನದ ಸುದ್ದಿಯಾಗಿ ಮುಗಿದುಹೋಗುತ್ತಿತ್ತು. ಮ್ಯಾಸಚೂಸೆಟ್ಸ್‌ನ ವಯಸ್ಸಾದ ಹೆಂಗಸಿನ ಮೇಲೆ ಕಜಾ ಬಳಸಿದ ಆರೋಪ ಹೊರಿಸಿದ್ದರು. ಅವರ ಹತ್ತಿರ ಇದ್ದದ್ದು ಆಪಲ್‌ನ ಮ್ಯಾಕ್ ಕಂಪ್ಯೂಟರ್. ಕಜಾ ಅದರಲ್ಲಿ ಓಡುತ್ತಲೇ ಇರಲಿಲ್ಲ. ದಾವೆ ವಾಪಸ್ ಆಯಿತು. ಗುರುತು ಹಿಡಿಯುವ ವಿಧಾನವೇ ಸರಿ ಇದೆಯಾ ಅಂತ ಮುಂದೆ ಕೇಳಿದ ವರದಿ ನನ್ನ ಹಾಳೆಯಲ್ಲಿ ಬೆರಳೆಣಿಕೆಯಷ್ಟು.

ಮಧ್ಯೆ ಒಂದು ಪಕ್ಕದ ಪ್ರಯೋಗ. ಮಾಲೀಕರ ಪ್ರಭಾವ ಇದೆಯಾ ಅಂತ. ಮೊದಲ ದಾವೆಗಳ ಕಾಲಕ್ಕೆ ದಾವೆ ಹೂಡಿದ ಕಂಪನಿಗಳಲ್ಲಿ ಒಂದಾದ ವಾರ್ನರ್ ಮ್ಯೂಸಿಕ್ ಮತ್ತು ಸುದ್ದಿ ಚಾನೆಲ್ ಸಿಎನ್‌ಎನ್ ಎರಡೂ ಟೈಮ್ ವಾರ್ನರ್ ಕೈಯಲ್ಲಿದ್ದವು. 2004ರ ಮಾರ್ಚ್ ಹೊತ್ತಿಗೆ ಸಂಗೀತದ ವ್ಯವಹಾರ ಸುಮಾರು 260 ಕೋಟಿ ಡಾಲರ್‌ಗೆ ಮಾರಾಟವಾಯಿತು. ಸಿಎನ್‌ಎನ್ ಸುದ್ದಿಗಳನ್ನು ಮಾರಾಟದ ಮುಂಚೆ, ಆಮೇಲೆ ಅಂತ ಹೋಲಿಸಲು ಒಳ್ಳೆಯ ಅವಕಾಶ ಅಲ್ವಾ? ಎರಡು ತಿಂಗಳು ಕೂತೆ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾರಾಟಕ್ಕೆ ಮುಂಚಿನ ಅವಧಿ ಆರೇ ತಿಂಗಳು, ಸುದ್ದಿಗಳೂ ಕಮ್ಮಿ. ಮಾಲೀಕರೇ ಬರೆಸಿದರು ಅನ್ನುವ ವಾದ ಕೇಳಲು ಚೆನ್ನ, ನನ್ನ ಹಾಳೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಇನ್ನೊಂದು ನಮ್ಮ ಮನೆ ಬಾಗಿಲಿನದು. ಕರ್ನಾಟಕದ 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದು ಡಿಜಿಟಲ್ ಅಪರಾಧಿಗಳೂ ಅದರೊಳಗೆ ಸೇರಿದರು. ಹಾಡು ಹಂಚಿದರೂ ಗೂಂಡಾ, ವರ್ಷದವರೆಗೆ ಒಳಗೆ ಅಂತ ಸುದ್ದಿ ಹಬ್ಬಿತು. ಇಲ್ಲಿ ಡಾಕೆಟ್ ಇಲ್ಲ, ಹಾಗಾಗಿ ಮಸೂದೆಯ ಪಠ್ಯವನ್ನೇ ಸಾಲು ಸಾಲಾಗಿ ಬಿಡಿಸಿಟ್ಟುಕೊಂಡೆ. ವ್ಯಾಖ್ಯೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಅನ್ನುವ ಷರತ್ತು ಇದೆ. ನಾನು ನೋಡಿದ ಹಲವು ವರದಿಗಳಲ್ಲಿ ಅದೇ ಇಲ್ಲ. ವಿಚಾರಣೆ ಇಲ್ಲದೆ ಬಂಧಿಸುವ ಕಾಯ್ದೆಗೆ ಹೆದರಬೇಕಾದ್ದು ನಿಜ. ಆದರೆ ಹೆದರಿಸುವ ವರದಿಯೂ ಷರತ್ತು ಹೇಳಬೇಕು. ಸ್ಯಾಂಪಲ್ ಚಿಕ್ಕದಾದ್ದರಿಂದ ಇದನ್ನು ಪೇಪರಿಗೆ ಸೇರಿಸಿಲ್ಲ.

ದುಡ್ಡಿನ ಮಾತು. ಎಲ್ಲ ಸೇರಿ ಅರವತ್ತು ಸಾವಿರ ರೂಪಾಯಿ ಚಿಲ್ಲರೆ ಆಗಿರಬೇಕು, ಹೆಚ್ಚಿನ ಪಾಲು ಕೋಡಿಂಗಿಗೆ. ಒಂದು ಸುದ್ದಿ ಡೇಟಾಬೇಸ್‌ನವರು ವರ್ಷಕ್ಕೆ ಲಕ್ಷದ ಮೇಲೆ ಕೇಳಿದರು, ಕೈಬಿಟ್ಟೆ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗಳಿಗೆ ಅಲ್ಲಿನ ಸಾರ್ವಜನಿಕ ಲೈಬ್ರರಿ ಕಾರ್ಡ್ ಇದೆ. ಕಾರ್ಡ್ ಇದ್ದವರಿಗೆ ಹಳೆಯ ಪತ್ರಿಕೆಗಳು ಪುಟದ ಸಂಖ್ಯೆ ಸಮೇತ ಸಿಗುತ್ತವೆ. ಪಾಪ, ಎಷ್ಟೋ ಶನಿವಾರ ಅವಳು ನನಗಾಗಿ ಹುಡುಕಿ ಕೊಟ್ಟಳು. ಕೋರ್ಟ್ ಕಾಗದಕ್ಕೆ ಪೇಸರ್, ಅಂದರೆ ಅಮೆರಿಕದ ಫೆಡರಲ್ ಕೋರ್ಟುಗಳ ಆನ್‌ಲೈನ್ ದಾಖಲೆ ತಾಣ, ಪುಟಕ್ಕೆ 10 ಸೆಂಟ್ ಹಾಕುತ್ತದೆ. ಒಂದು ದಾಖಲೆಗೆ 3 ಡಾಲರ್ ದಾಟುವುದಿಲ್ಲ, ಆದರೆ ವಿಚಾರಣೆಯ ಟ್ರಾನ್‌ಸ್ಕ್ರಿಪ್ಟ್‌ಗೆ ಆ ಮಿತಿ ಇಲ್ಲ, ಜೋಪಾನ. ಮೂರು ತಿಂಗಳ ಲೆಕ್ಕ 30 ಡಾಲರ್ ಒಳಗಿದ್ದರೆ ಬಿಲ್ಲೇ ಬರುವುದಿಲ್ಲ. ನಾನು ನಿಧಾನಕ್ಕೆ, ಮೂರು ಮೂರು ತಿಂಗಳಿಗೆ ಹಂಚಿಕೊಂಡು ಇಳಿಸಿದೆ. ಅದಕ್ಕೂ ಮೊದಲು ರೀಕ್ಯಾಪ್ ಸಂಗ್ರಹ ನೋಡಿ. ಬೇರೆಯವರು ದುಡ್ಡು ಕೊಟ್ಟು ತೆಗೆದ ಕಾಗದ ಅಲ್ಲಿ ಪುಕ್ಕಟೆ ಇರುತ್ತದೆ. ಎರಡೂ ಕೇಸುಗಳ ಮುಖ್ಯ ಆದೇಶಗಳು ನನಗೆ ಅಲ್ಲೇ ಸಿಕ್ಕವು.

ಯಾವ ಘಟನೆಗೆ ಸಾಲು ಕೊಡಬೇಕು, ಯಾವುದಕ್ಕೆ ಬೇಡ ಅನ್ನುವುದರಲ್ಲಿ ಈ ವಿಧಾನದ ಜೀವ ಇದೆ. ಡಾಕೆಟ್‌ನಲ್ಲಿ ನೂರಾರು ನಮೂದು ಇರುತ್ತವೆ. ಸಮಯ ಕೇಳಿದ ಅರ್ಜಿಗೂ ಸಾಲು ಕೊಟ್ಟರೆ ಖಾಲಿ ಮನೆಗಳೇ ತುಂಬಿ ಪತ್ರಿಕೆಗಳಿಗೆ ಅನ್ಯಾಯವಾಗುತ್ತದೆ. ಹಾಗಾಗಿ ಮೊತ್ತವನ್ನೋ ಹೊಣೆಯನ್ನೋ ಬದಲಿಸಿದ ಆದೇಶಕ್ಕೆ ಮಾತ್ರ ಸಾಲು ಅಂತ ಇಟ್ಟುಕೊಂಡೆ. ಗಡಿಯಲ್ಲಿ ನಿಲ್ಲುವಂಥವಕ್ಕೆ ನನ್ನದೇ ಒಂದು ಪರೀಕ್ಷೆ ಇದೆ. ಅದೂ ಪೇಪರಿನ ಜೊತೆಗೇ ಬರುತ್ತದೆ.

ಈಗ ಅದೇ ಹಾಳೆಯನ್ನು ಕಾಕ್ಸ್ ಕೇಸಿಗೆ ಹಾಕುತ್ತಿದ್ದೇನೆ. 2019ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ಜ್ಯೂರಿ ಆ ಇಂಟರ್ನೆಟ್ ಕಂಪನಿ ತನ್ನ ಗ್ರಾಹಕರು ಅಕ್ರಮವಾಗಿ ಹಂಚಿಕೊಂಡ 10,017 ಕೃತಿಗಳಿಗೆ 100 ಕೋಟಿ ಡಾಲರ್ ಕೊಡಬೇಕು ಅಂದಿತ್ತು. 2024ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟ್ ಆ ಮೊತ್ತವನ್ನು ರದ್ದು ಮಾಡಿತು. 2019ರ ಸಾಲು ಆಗಲೇ ತುಂಬಿದೆ, 2024ರದ್ದು ಇನ್ನೂ ಅರ್ಧ ಬಾಕಿ. ಕೋಡಿಂಗಿಗೆ ಇನ್ನೊಬ್ಬರು ಬೇಕಾಗಿದ್ದಾರೆ. ಸುದ್ದಿಗೆ ಹದಿನೈದು ರೂಪಾಯಿ ಕೊಡುತ್ತೇನೆ.