ಹಳೇ ಮನೆಗೆ ಬೀಗ: ಸರ್ವರ್ ಬದಲಿಸಿದ ಚರ್ಚಾ ತಾಣವನ್ನು ಹುಡುಕುವುದು ಹೀಗೆ

ನಮ್ಮ ಕಾಕಾಗೆ ಬೆಳಿಗ್ಗೆ ಚಹಾದ ಜೊತೆ ಒಂದು ಚಟ. ದಾಳಿಂಬೆ ಬೆಳೆಯುವವರು ಸೇರುವ ಚರ್ಚಾ ತಾಣ ತೆರೆದು ಕೂರುತ್ತಾರೆ. ಯಾರ ತೋಟದ ಕಾಯಿಗೆ ಚುಕ್ಕೆ ಬಿತ್ತು, ಯಾರು ಯಾವ ಔಷಧಿ ಹೊಡೆದರು, ಎಲ್ಲಾ ಅಲ್ಲಿರುತ್ತದೆ. ಹೋದ ವಾರ ಫೋನ್ ನನ್ನ ಕೈಗೆ ಕೊಟ್ಟು, "ಏನಾತೋ ಇದಕ್ಕ? ರಾತ್ರಿ ಕುಂತು ಇಷ್ಟುದ್ದ ಉತ್ತರ ಬರದೀನಿ, ಈಗ ನೋಡಿದ್ರ ತೆರೀವಲ್ದು" ಎಂದರು.

ತಾಣ ಸತ್ತಿರಲಿಲ್ಲ, ಮನೆ ಬದಲಿಸಿತ್ತು. ಅಂದರೆ ಅದನ್ನು ಇಟ್ಟಿರುವ ಕಂಪ್ಯೂಟರ್, ಅದೇ ಸರ್ವರ್, ಬೇರೆಯಾಗಿತ್ತು. ಬಾಗಲಕೋಟೆಯವರಿಗೆ ಇದು ಹೊಸದಲ್ಲ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಊರಿನ ಎಷ್ಟೋ ಜನ ನವನಗರದ ಸೆಕ್ಟರ್‌ಗಳಿಗೆ ಹೋದರು. ಊರಿನ ಹೆಸರು ಅದೇ, ಜಾಗ ಬೇರೆ. ವಿಜಯಪುರದ್ದು ಇದರ ಉಲ್ಟಾ. 2014ರ ನವೆಂಬರ್ 1ರಂದು ಬಿಜಾಪುರ ಎಂಬ ಹೆಸರು ಬದಲಾಯಿತು, ಗೋಳಗುಮ್ಮಟ ಇದ್ದಲ್ಲೇ ಇದೆ. ತಾಣಗಳಿಗೂ ಈ ಎರಡೂ ಆಗುತ್ತವೆ. ನಿಮ್ಮದಕ್ಕೆ ಯಾವುದು ಆಗಿದೆ ಎಂದು ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಅರ್ಧ ದಿನ ಹಾಳು.

ಪರದೆ ಏನು ಹೇಳುತ್ತಿದೆ?

404 ಎಂದು ಬಂದರೆ ಸರ್ವರ್ ಉತ್ತರ ಕೊಡುತ್ತಿದೆ ಎಂದರ್ಥ. ನೀವು ಕೇಳಿದ ಪುಟ ಮಾತ್ರ ಅಲ್ಲಿಲ್ಲ. ವಿಳಾಸದಲ್ಲಿ ತಾಣದ ಹೆಸರು ಮುಗಿದ ಮೇಲೆ ಓರೆಗೆರೆ ಇರುತ್ತದಲ್ವಾ, ಅಲ್ಲಿಂದ ಮುಂದಿನ ಬಾಲವನ್ನೆಲ್ಲ ಅಳಿಸಿ ಮುಖಪುಟ ತೆರೆಯಿರಿ. ಬಹಳ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಸರ್ವರ್‌ನ ಐಪಿ ವಿಳಾಸವೇ (ಅದರ ಅಂಕಿಯ ವಿಳಾಸ) ಸಿಗಲಿಲ್ಲ ಎಂದು ಬಂದರೆ, ಮೊದಲು ಹೆಸರನ್ನು ಸರಿಯಾಗಿ ಟೈಪ್ ಮಾಡಿದ್ದೀರಾ ನೋಡಿ. ಸರಿ ಇದ್ದರೆ ತಾಣದವರು ಆ ಹೆಸರನ್ನೇ ಬಿಟ್ಟಿರಬಹುದು.

ಮೂರನೆಯದು ಕಾಕಾನ ಕಥೆ. ಮನೆಯ ವೈಫೈಯಲ್ಲಿ ತೆರೆಯದ ತಾಣ ನನ್ನ ಮೊಬೈಲ್ ಡೇಟಾದಲ್ಲಿ ತೆರೆಯಿತು. ಕಾರಣ ಡಿಎನ್‌ಎಸ್. ನಾವು ತಾಣದ ಹೆಸರು ಬರೆಯುತ್ತೇವೆ, ಕಂಪ್ಯೂಟರ್‌ಗೆ ಬೇಕಾದದ್ದು ಅಂಕಿಯ ವಿಳಾಸ. ಹೆಸರು ಕೊಟ್ಟರೆ ಅಂಕಿ ಹುಡುಕಿ ಕೊಡುವ ಈ ಏರ್ಪಾಡನ್ನು 1983ರಲ್ಲಿ ರೂಪಿಸಿದವರು ಪಾಲ್ ಮೋಕಾಪೆಟ್ರಿಸ್. ಪ್ರತಿ ಸಲವೂ ಹೊಸದಾಗಿ ಕೇಳುತ್ತಾ ಕೂರಬಾರದೆಂದು ಸಿಕ್ಕ ವಿಳಾಸವನ್ನು ನಡುವಿನ ಸರ್ವರ್‌ಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಎನ್ನುವುದನ್ನು ತಾಣದವರೇ ಸೆಕೆಂಡ್‌ಗಳಲ್ಲಿ ಬರೆದಿಡುತ್ತಾರೆ. 3,600 ಎಂದಿದ್ದರೆ ಒಂದು ಗಂಟೆ, 86,400 ಎಂದಿದ್ದರೆ ಇಡೀ ದಿನ. ಅಲ್ಲಿಯವರೆಗೆ ನಿಮ್ಮನ್ನು ಹಳೇ ಮನೆಯ ಬಾಗಿಲಿಗೇ ಕಳಿಸುತ್ತಿರುತ್ತವೆ. ರೌಟರ್ ಮತ್ತು ಫೋನ್ ಎರಡನ್ನೂ ಆಫ್ ಮಾಡಿ ಆನ್ ಮಾಡಿ. ವೈಫೈ ಬಿಟ್ಟು ಡೇಟಾದಲ್ಲಿ ನೋಡಿ. ಆಗಲಿಲ್ಲವೇ? ಒಂದೆರಡು ದಿನ ತಾಳಿ.

ಹೆಸರೇ ಬದಲಾಗಿದ್ದರೆ

ಅಚ್ಚುಕಟ್ಟಾದ ನಿರ್ವಾಹಕರು ಹಳೇ ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತಾರೆ. 301 ಎಂಬ ಸಂಕೇತ ಅದೇ: "ಇನ್ನು ಮುಂದೆ ಅಲ್ಲಿದ್ದೇವೆ" ಎಂದರ್ಥ. ಬ್ರೌಸರ್ ತಾನೇ ಹೊಸ ವಿಳಾಸಕ್ಕೆ ಒಯ್ಯುತ್ತದೆ. ಎಲ್ಲರೂ ಅಷ್ಟು ಅಚ್ಚುಕಟ್ಟಲ್ಲ ಬಿಡಿ.

ಚೀಟಿ ಇಲ್ಲದಿದ್ದರೆ ಮೊದಲು ನಿಮ್ಮ ಇಮೇಲ್ ತೆರೆಯಿರಿ. ತಾಣದಿಂದ ಬಂದ ಕೊನೆಯ ಸೂಚನೆಗಳಲ್ಲಿ ಹೊಸ ಕೊಂಡಿ ಇರಬಹುದು. ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಆಮೇಲೆ ಹಳೇ ಚರ್ಚೆಯ ಒಂದು ವಿಚಿತ್ರ ಸಾಲು ನೆನಪಿಸಿಕೊಂಡು, ಅದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. "ದಾಳಿಂಬೆ ರೋಗ" ಎಂದು ಹುಡುಕಿದರೆ ಇಡೀ ಜಗತ್ತು ಬರುತ್ತದೆ. ಬೇರೆ ಯಾರೂ ಬರೆಯದಂಥ ಸಾಲು ಬೇಕು.

ಅದೂ ಆಗಲಿಲ್ಲವೆಂದರೆ ಹಳೇ ಪುಟಗಳ ಪ್ರತಿ ಇಟ್ಟುಕೊಳ್ಳುವ ವೇಬ್ಯಾಕ್ ಮಷೀನ್. 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್ ಇದನ್ನು 2001ರಲ್ಲಿ ಎಲ್ಲರಿಗೂ ತೆರೆಯಿತು. ಅಲ್ಲಿ ಹಳೇ ವಿಳಾಸ ಹಾಕಿದರೆ, ಪುಟದ ಪ್ರತಿ ಯಾವ ಯಾವ ದಿನ ತೆಗೆದಿದ್ದಾರೆಂದು ಕ್ಯಾಲೆಂಡರ್ ತೋರಿಸುತ್ತದೆ. ಕೊನೆಯ ತಾರೀಖಿನಿಂದ ಹಿಂದಕ್ಕೆ ಬನ್ನಿ. "ನಾವು ಬೇರೆ ಕಡೆ ಹೋಗುತ್ತಿದ್ದೇವೆ" ಎಂಬ ಪ್ರಕಟಣೆ ಅಲ್ಲೆಲ್ಲೋ ಉಳಿದಿರಬಹುದು. ಲಾಗಿನ್ ಮಾಡಿ ಒಳಗೆ ಹೋಗಬೇಕಾದ ಪುಟಗಳು ಸಾಮಾನ್ಯವಾಗಿ ಅದರಲ್ಲಿ ಸಿಗುವುದಿಲ್ಲ. ಗೂಗಲ್ ಕೂಡ ತನ್ನಲ್ಲಿದ್ದ ಹಳೇ ಪ್ರತಿಯ ಕೊಂಡಿಯನ್ನು 2024ರಲ್ಲಿ ತೆಗೆದುಹಾಕಿತು.

ಪಾಸ್‌ವರ್ಡ್ ಕೊಡುವ ಮುನ್ನ

ಬಿಟ್ಟ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ನಿಮ್ಮ ಹಳೇ ವಿಳಾಸದಲ್ಲಿ ಈಗ ರಮ್ಮಿ ಜಾಹೀರಾತು ಕುಣಿಯುತ್ತಿದ್ದರೆ ಆಶ್ಚರ್ಯಪಡಬೇಡಿ. ಅಲ್ಲಿ ಏನನ್ನೂ ಟೈಪ್ ಮಾಡಬೇಡಿ. ಹೊಸ ತಾಣ ಸಿಕ್ಕಿತೆಂದರೂ ನಿಮ್ಮ ಹಳೇ ಬರಹ ಅಲ್ಲಿದೆಯೇ, ಪರಿಚಯದವರು ಇದ್ದಾರೆಯೇ ಎಂದು ನೋಡಿ. ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ ಕೇಳಿದರೆ ಇನ್ನೂ ಒಳ್ಳೆಯದು. ಹೊಸ ಪಾಸ್‌ವರ್ಡ್ ಇಡಿ ಎಂದು ಕೇಳುವುದು ಮಾಮೂಲು. ಬ್ಯಾಂಕಿನ ಓಟಿಪಿ ಕೇಳಿದರೆ ಮುಚ್ಚಿ ಹೊರಗೆ ಬನ್ನಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ವಿಷಯ. ಸಾಮಾನು ಸಾಗಿಸುವ ಹೊತ್ತಿನಲ್ಲಿ ಹಳೇ ಸರ್ವರ್ ಕೆಲವು ಗಂಟೆ ತೆರೆದೇ ಇರುತ್ತದೆ. ಲಾರಿ ಹೊರಟ ಮೇಲೆ ಅಲ್ಲಿ ಬರೆದದ್ದು ಹೊಸ ಮನೆಗೆ ಬರುವುದಿಲ್ಲ. ಕಾಕಾನ ಉದ್ದದ ಉತ್ತರ ಹೋದದ್ದು ಹೀಗೇ. "ಮತ್ತ ಬರೀಬೇಕೇನ್?" ಎಂದು ಗೊಣಗುತ್ತಾ ಕನ್ನಡಕ ಹಾಕಿಕೊಂಡರು. ಚಹಾ ಆರಿತ್ತು.