ಯುಪಿಎಸ್‌ನ ಯುಎಸ್‌ಬಿ ಸಂಪರ್ಕ ಪದೇ ಪದೇ ಕಡಿಯುತ್ತಿದೆಯಾ?

ಕರೆಂಟ್ ಸರಿಯಾಗಿಯೇ ಬರ್ತಿದೆಯಲ್ಲ ಅಂತ, ಸಂಪರ್ಕ ಕಡಿದಿದೆ ಎಂದು ಪರದೆ ಮೇಲೆ ಬರುವ ಸಂದೇಶವನ್ನು ದಯವಿಟ್ಟು ಕಡೆಗಣಿಸಬೇಡಿ. ಬ್ಯಾಟರಿ ಮುಗಿಯುತ್ತಾ ಬಂದಾಗ ಕಂಪ್ಯೂಟರ್ ತಾನಾಗಿ ಶಟ್‌ಡೌನ್ ಆಗಬೇಕಾದರೆ ಸುದ್ದಿ ಬರೋದು ಯುಪಿಎಸ್‌ನಿಂದ ಕಂಪ್ಯೂಟರಿಗೆ ಹಾಕಿರುವ ಯುಎಸ್‌ಬಿ ಕೇಬಲ್‌ನಲ್ಲೇ.

ಮೊದಲು ಯುಪಿಎಸ್ ಬದಿಯ ಪ್ಲಗ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ನನ್ನದು ಅಷ್ಟಕ್ಕೇ ಟಿಂಗ್ ಅಂತ ಕಡಿದು ಮತ್ತೆ ಸೇರ್ತಿತ್ತು, ಕೇಬಲ್ ಬದಲಿಸಿದ ಮೇಲೆ ನಿಂತಿತು. ಉದ್ದದ ಕೇಬಲ್, ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಎರಡೂ ಬೇಡ. ಸಿಪಿಯು ಹಿಂಬದಿಯ ಪೋರ್ಟಿಗೆ, ಯುಎಸ್‌ಬಿ 2.0 ಇದ್ದರೆ ಅದಕ್ಕೇ, ನೇರವಾಗಿ ಹಾಕಿ.

ಆಮೇಲೂ ಕಡಿದರೆ ನನ್ನ ಅನುಮಾನ ವಿದ್ಯುತ್ ಉಳಿಸುವ ಸೆಟ್ಟಿಂಗ್ ಮೇಲೆ. ಬಳಕೆ ಕಡಿಮೆ ಅನ್ನಿಸಿದ ಪೋರ್ಟನ್ನು ವಿಂಡೋಸ್ ಮಲಗಿಸಿಬಿಡುತ್ತೆ. ಪವರ್ ಆಪ್ಷನ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ (ಇದು ಕಂಪ್ಯೂಟರ್ ಒಳಗಿನದೇ) ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ತೆರೆದು, ಆಫ್ ಮಾಡಲು ಅನುಮತಿ ಕೊಡುವ ಟಿಕ್ ತೆಗೆಯಿರಿ. ಎಷ್ಟು ರೂಟ್ ಹಬ್ ಕಾಣುತ್ತೋ ಅಷ್ಟಕ್ಕೂ.

ಯುಪಿಎಸ್ ಗಮನಿಸುವ ಸಾಫ್ಟ್‌ವೇರ್ ಎರಡಿದ್ದರೆ ಒಂದನ್ನು ತೆಗೆದುಬಿಡಿ, ಒಂದೇ ಪೋರ್ಟಿಗೆ ಕಿತ್ತಾಡುತ್ತವೆ. ಕೊನೆಗೆ ಪರೀಕ್ಷೆಗಾಗಿ ಎಲ್ಲ ಫೈಲ್ ಸೇವ್ ಮಾಡಿ, ಯುಪಿಎಸ್ ಹಾಕಿರುವ ಗೋಡೆಯ ಸ್ವಿಚ್ ಆಫ್ ಮಾಡಿ. ಬ್ಯಾಟರಿಗೆ ಹೋಯಿತು ಅಂತ ಪರದೆ ಮೇಲೆ ತೋರಿಸಬೇಕು.