ಸೋರದ ಕಟ್ಟ ಹಾಕುವುದು ಹೇಗೆ?

ಕಾಸರಗೋಡಿನಲ್ಲಿ ಮಳೆಗೇನೂ ಬರವಿಲ್ಲ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆ. ಆದರೆ ಗುಡ್ಡದ ನೀರು ಸರಸರನೆ ಇಳಿದು ಕಡಲು ಸೇರುತ್ತದೆ. ಬೇಸಿಗೆಯಲ್ಲಿ ತೋಡು (ಸಣ್ಣ ಹಳ್ಳ) ಬತ್ತಿದರೆ ಅಡಿಕೆ ತೋಟದ ಗತಿ ಗೊತ್ತಲ್ವಾ? ಅದಕ್ಕೇ ಶಿರಿಯ ಹೊಳೆಗೂ ಅದನ್ನು ಸೇರುವ ತೋಡುಗಳಿಗೂ ಕಟ್ಟ, ಅಂದರೆ ನೀರು ತಡೆಯುವ ತಾತ್ಕಾಲಿಕ ಒಡ್ಡು, ಹಾಕುವ ರೂಢಿ. ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳಿವೆ. ಈಚೆಗೆ ಹೊಸಬರೂ ಹಾಕುತ್ತಿದ್ದಾರೆ, ಸಂತೋಷ. ಆದರೆ ಹೆಚ್ಚಿನವರ ಕಟ್ಟ ಕೈಕೊಡುವುದು ಬುಡದಲ್ಲಿ.

ಮೊದಲು ಎರಡೂ ದಂಡೆಯ ತೋಟದವರು ಕೂತು ಮಾತಾಡಿ. ಖರ್ಚನ್ನು ಜಾಗದ ಲೆಕ್ಕದಲ್ಲಿ ಹಂಚಿ. ಪಂಪಿನ ಪಾಳಿಯನ್ನೂ ಅದೇ ದಿನ ಬರೆದಿಡಿ. ನೀರು ನಿಂತ ಮೇಲೆ ಬರೆಯಲು ಹೋದರೆ ಜಗಳ ಖಂಡಿತ.

ತುಲಾ ಮಾಸದ ಮಳೆ ನಿಂತ ಮೇಲೆ, ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಕೆಲಸ ಹಿಡಿಯಿರಿ. ಬೇಗ ಕಟ್ಟಿದರೆ ಒಂದು ಮಳೆಗೆ ಹೋಗುತ್ತದೆ, ತಡವಾದರೆ ತುಂಬಲು ನೀರೇ ಇರುವುದಿಲ್ಲ.

ಇನ್ನು ಬುಡ. ಹೊಯ್ಗೆಯ (ಮರಳಿನ) ಮೇಲೆ ಹಾಗೇ ಚೀಲ ಪೇರಿಸಿದರೆ ನೀರು ಅಡಿಯಿಂದಲೇ ದಾರಿ ಮಾಡಿಕೊಳ್ಳುತ್ತದೆ. ತೋಡಿನ ಅಡ್ಡಕ್ಕೆ ಚಡಿ ತೆಗೆಯಿರಿ. ಹೊಯ್ಗೆ, ಕೊಳೆತ ಎಲೆ, ಬೇರು ಎಲ್ಲ ಹೋಗಿ ಹಾರೆಗೆ ಗಟ್ಟಿ ನೆಲ ಸಿಗಬೇಕು. ಚಡಿ ಎರಡೂ ದಂಡೆಯ ಒಳಕ್ಕೆ ಎರಡು ಮೊಳವಾದರೂ ನುಗ್ಗಬೇಕು. ಏಡಿ ಕೊರೆದ ತೂತು ಕಂಡರೆ ಅಗೆದು ಮುಚ್ಚಿ. ಅಷ್ಟು ಹೊತ್ತೂ ನೀರು ಹೋಗಲು ಒಂದು ಕಡೆ ಬಾಯಿ ಬಿಟ್ಟಿರಿ, ಅದನ್ನು ಮುಚ್ಚುವುದು ಕಟ್ಟಕಡೆಗೆ.

ಚಡಿಗೆ ಜೇಡಿಮಣ್ಣು ತುಂಬಿ. ಒಮ್ಮೆಗೆ ಗೇಣುದ್ದ ಮಾತ್ರ, ಮೆಟ್ಟಿ ಮೆಟ್ಟಿ ಕೂರಿಸಿ, ಮತ್ತೆ ಮುಂದಿನ ಪದರ. ಮಣ್ಣು ಚಪಾತಿ ಹಿಟ್ಟಿನ ಹದಕ್ಕಿರಲಿ: ಉಂಡೆ ಒತ್ತಿದಾಗ ಅಂಚು ಸೀಳಬಾರದು, ಕೈಗೆ ರಾಡಿಯೂ ಹತ್ತಬಾರದು. ಅದರ ಮೇಲೆ ಚೀಲದ ಎರಡು ಗೋಡೆ, ನಡುವೆ ಮತ್ತೆ ಅದೇ ಮಣ್ಣು. ಒಂದೇ ಸಾಲು ಸಾಕು ಅನ್ನುವವರ ಮಾತು ಕೇಳಬೇಡಿ. ಚೀಲಕ್ಕೆ ಮುಕ್ಕಾಲು ಭಾಗ ಹೊಯ್ಗೆ ಸಾಕು. ಬಿಗಿಯಾಗಿ ತುಂಬಿದ್ದು ಉರುಟಾಗಿ ನಿಂತು ಸಂದು ಬಿಡುತ್ತದೆ. ಕಿಂಡಿ ಅಣೆಕಟ್ಟಿಗೆ (ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸಿ ನೀರು ತಡೆಯುವ ಕಾಯಂ ಕಟ್ಟೆಗೆ) ಹಲಗೆ ಹಾಕುವವರಿಗೂ ಇದೇ ಲೆಕ್ಕ, ಎರಡು ಸಾಲು ಹಲಗೆ, ನಡುವೆ ಮಣ್ಣು.

ನೀರಿನ ಬದಿಗೆ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್) ಹಾಳೆ ಹಾಸಿ, ಕೆಳ ಅಂಚನ್ನು ನೆಲಕ್ಕೆ ಮಣ್ಣಿನಿಂದ ಒತ್ತಿ. ಅಗ್ಗದ ತೆಳ್ಳನೆ ನೀಲಿ ಟಾರ್ಪಾಲು ಬೇಡವೇ ಬೇಡ, ಬಿಸಿಲಿಗೆ ಬೇಗ ಪುಡಿ ಉದುರುತ್ತದೆ. ಹಳೇ ಗೊಬ್ಬರದ ಚೀಲವೂ ಅಷ್ಟೆ, ಮೇಲೆ ಮಡಲು (ತೆಂಗಿನ ಗರಿ) ಮುಚ್ಚಿದರೆ ತಡೆದೀತು.

ಹೆಚ್ಚಾದ ನೀರು ನಡುವಿನಿಂದ ಹರಿಯಲಿ, ದಂಡೆಯ ಕಡೆಯಿಂದ ಅಲ್ಲ. ಬೀಳುವ ಜಾಗಕ್ಕೆ ಕಲ್ಲು ಹಾಸಿ, ಇಲ್ಲದಿದ್ದರೆ ನೀರು ಬುಡ ಕೊರೆಯುತ್ತದೆ. ಎತ್ತರದ ಆಸೆಯೂ ಬೇಡ. ಮೇಲಿನವರ ತೋಟದಲ್ಲಿ ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆ. ಲಾಭ ಕಾಣುವ ನೀರಿಗಿಂತ ಇಂಗುವ ನೀರಿನಲ್ಲೇ ಜಾಸ್ತಿ: ಅಕ್ಕಪಕ್ಕದ ಬಾವಿಗಳ ಮಟ್ಟ ನೋಡಿ.

ಪತ್ತನಾಜೆಯೊಳಗೆ (ತುಳುವರ ಬೇಸ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತಿಗೆ) ಕಟ್ಟ ಬಿಚ್ಚಿ. ಮಳೆಯೇ ಕೊಚ್ಚಿಕೊಂಡು ಹೋಗಲಿ ಅಂತ ಸುಮ್ನೆ ಕೂತರೆ ಹರಿದ ಚೀಲವೆಲ್ಲ ಕೆಳಗಿನವರ ಗದ್ದೆಗೆ ಬರುತ್ತದೆ. ಹಾಳೆ ತೊಳೆದು, ಒಣಗಿಸಿ, ಇಲಿಗೆ ಸಿಗದಂತೆ ಅಟ್ಟದ ಜಂತಿಗೆ ನೇತುಹಾಕಿ. ಯಾರ ಮನೆಯ ಅಟ್ಟ ಅನ್ನುವುದನ್ನು ಪಾಳಿ ಬರೆದ ಪುಸ್ತಕದಲ್ಲೇ ಗುರುತು ಹಾಕಿಡಿ.